ಕಿವಿಯ ಹಿಂದೆಯೂ ಒಮ್ಮೆ ನೋಡೋಣ

ನನ್ನ ಖಾಲಾನ ಮಗಳಿಗೆ ಈಗ ನಾಲ್ಕು ವರ್ಷ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಕಳೆದ ವರ್ಷ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಾಯಿತು. ಯಂತ್ರ ಚಾಲೂ ಮಾಡಿದ ದಿನ ಖಾಲಾ ಹಿಂದಿನಿಂದ ಚಪ್ಪಾಳೆ ತಟ್ಟಿದಾಗ ಅವಳು ತಿರುಗಿ ನೋಡಿದಳು. ಮನೆಯವರೆಲ್ಲ ಅತ್ತೆವು. ಆ ವಿಡಿಯೋ ನಮ್ಮ ಮೊಹಲ್ಲಾದ ಎಲ್ಲರ ಮೊಬೈಲಿಗೂ ಹೋಯಿತು.

ಮೂರು ತಿಂಗಳ ನಂತರ ಅವಳ ತಲೆ ಬಾಚುವಾಗ, ಆಯಸ್ಕಾಂತ ಅಂಟಿಕೊಳ್ಳುವ ಜಾಗದಲ್ಲಿ ಚರ್ಮ ಕೆಂಪಗಾಗಿದ್ದನ್ನು ಮೊದಲು ನೋಡಿದವಳು ನಾನೇ. ಸೊಳ್ಳೆ ಕಚ್ಚಿರಬೇಕೆಂದು ಸುಮ್ಮನಾದೆ. ನಾನಿ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದರು. ಆಸ್ಪತ್ರೆ ದೂರದ ಊರಿನಲ್ಲಿ. ಹೋಗಿಬಂದರೆ ಖಾಲೂಗೆ ಎರಡು ದಿನದ ಕೂಲಿ ಇಲ್ಲ. ಹತ್ತು ದಿನ ಕಾದೆವು. ಊತ ಬಂತು, ಕೀವು ಬಂತು. ಮಗುವನ್ನು ಮತ್ತೆ ಆಪರೇಷನ್ ಥಿಯೇಟರಿಗೆ ಕರೆದೊಯ್ದು ಗಾಯ ತೊಳೆದು ಹೊಲಿಗೆ ಹಾಕಬೇಕಾಯಿತು. ಅಲ್‌ಹಮ್ದುಲಿಲ್ಲಾಹ್, ಒಳಗಿನ ಸಾಧನ ಉಳಿಯಿತು. ಆದರೆ ಗಾಯ ಮಾಯುವವರೆಗೆ ಹೊರಗಿನ ಯಂತ್ರ ಹಾಕುವಂತಿರಲಿಲ್ಲ. ಆಗತಾನೇ ‘ಪಾನಿ’ ಎನ್ನಲು ಕಲಿತಿದ್ದ ಮಗು ಮತ್ತೆ ಲೋಟ ತೋರಿಸತೊಡಗಿತು.

“ಕೆಂಪಾದಾಗಲೇ ಬಂದಿದ್ದರೆ ಕೆಲವು ದಿನ ಯಂತ್ರ ತೆಗೆದಿಟ್ಟು, ಕಡಿಮೆ ಬಲದ ಆಯಸ್ಕಾಂತ ಹಾಕಿದ್ದರೆ ಸಾಕಿತ್ತು” ಎಂದರು ಡಾಕ್ಟರ್. ಆ ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಜೀವಶಾಸ್ತ್ರ ಓದುವ ನಮಗೆ ಇದು ಕಷ್ಟದ ವಿಷಯವಲ್ಲ. ಚರ್ಮದ ಕೆಳಗೊಂದು, ಮೇಲೊಂದು ಆಯಸ್ಕಾಂತ. ನಡುವೆ ತೆಳುವಾದ ಚರ್ಮ. ಒತ್ತಡ ಹೆಚ್ಚಾದರೆ ರಕ್ತ ಸಂಚಾರ ಕಡಿಮೆಯಾಗಿ ಚರ್ಮ ಕೆಡುತ್ತದೆ. ಬಿಗಿಯಾದ ಹೇರ್‌ಬ್ಯಾಂಡ್, ಸ್ಕಾರ್ಫ್, ಹೆಲ್ಮೆಟ್ ಅದರ ಮೇಲೆ ಒತ್ತಬಾರದು. ಬ್ಯಾಕ್ಟೀರಿಯಾ ಒಳಗೆ ಸೇರಿ ಸಾಧನದ ಮೇಲೆ ಪದರ ಕಟ್ಟಿಕೊಂಡರೆ ಔಷಧಿ ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಕೆಲವೊಮ್ಮೆ ಸಾಧನವನ್ನೇ ಹೊರತೆಗೆಯಬೇಕಾಗುತ್ತದೆ. ಮಕ್ಕಳಲ್ಲಿ ಪದೇ ಪದೇ ಬರುವ ಕಿವಿ ಸೋಂಕು, ಬಿದ್ದು ತಲೆಗೆ ಪೆಟ್ಟಾಗುವುದು ಕಾರಣವಾಗಬಹುದು. ದೊಡ್ಡವರಲ್ಲಿ ಸಕ್ಕರೆ ಕಾಯಿಲೆ, ಸಿಗರೇಟು ಗಾಯ ಮಾಯುವುದನ್ನು ತಡಮಾಡುತ್ತವೆ.

ಇದನ್ನು ಓದಿ ಯಾರೂ ಆಪರೇಷನ್‌ಗೆ ಹೆದರಬಾರದು. ಮೊದಲೆಲ್ಲ ಕಿವಿಯ ಹಿಂದೆ ದೊಡ್ಡದಾಗಿ ಕೊಯ್ಯುತ್ತಿದ್ದರು. ಈಗ ಸಣ್ಣ ಗಾಯ ಸಾಕು. ದೊಡ್ಡ ತೊಂದರೆಯಾಗುವುದು ಕೆಲವರಿಗೆ ಮಾತ್ರ. ಆ ಕೆಲವರೂ ಬೇಗ ಆಸ್ಪತ್ರೆ ತಲುಪಬೇಕೆಂಬುದೇ ನನ್ನ ಕಳಕಳಿ.

ನನ್ನ ದೂರು ನಮ್ಮೆಲ್ಲರ ಮೇಲೆ. ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿದಾಗ ಚಿಕ್ಕ ಮಕ್ಕಳ ಇಂಪ್ಲಾಂಟ್‌ಗೆ ತಲಾ 6 ಲಕ್ಷ ರೂಪಾಯಿವರೆಗೆ ನೆರವು ನಿಗದಿಯಾಯಿತು. ಉಳಿದದ್ದಕ್ಕೆ ಜಮಾತಿನವರು, ನೆಂಟರು, ನಾವು ವಿದ್ಯಾರ್ಥಿಗಳು ಚಂದಾ ಎತ್ತುತ್ತೇವೆ. ಆಪರೇಷನ್ ಮುಗಿದ ದಿನ ನಮ್ಮ ಜವಾಬ್ದಾರಿಯೂ ಮುಗಿಯಿತೆಂದು ತಿಳಿಯುತ್ತೇವೆ. ಆಮೇಲಿನ ಬಸ್ ಚಾರ್ಜು, ತಪಾಸಣೆ, ಬ್ಯಾಟರಿ, ತಪ್ಪಿಹೋದ ಕೂಲಿಯ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಮಗುವಿನ ಗಾಯ ಕೆಟ್ಟದ್ದು ಆ ಬಸ್ ಚಾರ್ಜಿನ ಲೆಕ್ಕದಲ್ಲೇ.

ಆದ್ದರಿಂದ ಇನ್ನು ಮುಂದೆ ಇಂಪ್ಲಾಂಟ್‌ಗಾಗಿ ಚಂದಾ ಎತ್ತಿದರೆ ಅದರಲ್ಲಿ ಒಂದು ಪಾಲನ್ನು ಒಂದು ವರ್ಷದ ಓಡಾಟಕ್ಕೆಂದು ತೆಗೆದಿಡೋಣ. ನಮ್ಮ ಎನ್ನೆಸ್ಸೆಸ್ ಘಟಕದ ಇಬ್ಬರು ಆ ಮನೆಗೆ ತಿಂಗಳಿಗೊಮ್ಮೆಯಾದರೂ ಹೋಗಿ ಬರಲಿ. ಮನೆಯಲ್ಲಿ ಯಾರಾದರೂ ಒಬ್ಬರು ಪ್ರತಿ ರಾತ್ರಿ ಯಂತ್ರ ತೆಗೆದಾಗ ಆ ಜಾಗವನ್ನು ಬೆಳಕಿನಲ್ಲಿ ನೋಡಲಿ. ಕೆಂಪು, ಊತ, ನೋವು, ನೀರು ಒಸರುವುದು ಕಂಡರೆ ಎಣ್ಣೆ ಬೇಡ. ಅದೇ ದಿನ ಡಾಕ್ಟರಿಗೆ ಫೋನು ಮಾಡಲಿ.

ನನ್ನ ತಂಗಿ ಈಗ ಮತ್ತೆ ‘ಪಾನಿ’ ಎನ್ನುತ್ತಿದ್ದಾಳೆ. ಅವಳ ತಲೆ ಬಾಚುವ ಕೆಲಸ ನನ್ನದೇ. ಈಗ ನೋಡಿಯೂ ಸುಮ್ಮನಾಗುವುದಿಲ್ಲ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ