ಬೇಸಿಗೆಯ ರಜೆಯೂ ಕಿವಿಯ ರುಚಿಯೂ



ವಾರ್ಷಿಕ ಪರೀಕ್ಷೆಗಳು ಮುಗಿಯುತ್ತ ಬಂದವೆಂದರೆ ಅಕ್ಕಲಕೋಟೆಯ ಈ ಸೀಮೆಯಲ್ಲಿ ಬೆಳಗಿನ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತದೆ. ಮಕ್ಕಳ ಮನಸ್ಸು ಶಾಲೆಯ ಹೊಸ್ತಿಲು ದಾಟಿ ಸೋದರಮಾವನ ಊರಿಗೆ ಹೊರಟುಬಿಡುತ್ತದೆ. ಪ್ರತಿವರ್ಷ ಈ ದಿನಗಳಲ್ಲಿ ಏಳನೆಯ ಇಯತ್ತೆಯ ಮಕ್ಕಳಿಂದ ನಾವು ಒಂದು ಚಿಕ್ಕ ಪ್ರಬಂಧವನ್ನು ಬರೆಯಿಸುವುದುಂಟು. ಈ ಸಲ ಎರಡು ಪ್ರಶ್ನೆಗಳನ್ನಿತ್ತೆವು: ರಜೆಯಲ್ಲಿ ಏನು ಮಾಡುವಿರಿ? ನಿಮಗೆ ಯಾವ ಬಗೆಯ ಹಾಡು ಇಷ್ಟ?

ಉತ್ತರಗಳು ಬಹಳ ಸೊಗಸಾಗಿದ್ದವು. ಹೆಚ್ಚಿನವರಿಗೆ ಮೊಬೈಲಿನಲ್ಲಿ ಕೇಳುವ ಚಿತ್ರಗೀತೆ. ಕೆಲವರಿಗೆ ಪಂಢರಪುರದ ದಿಂಡಿಯಲ್ಲಿ ಕೇಳಿದ ಅಭಂಗ. ಒಬ್ಬ ಹುಡುಗನಿಗೆ ಜಾತ್ರೆಯ ಹಲಗೆಯ ನಾದ. ಒಬ್ಬ ಬಾಲಿಕೆ ಮಾತ್ರ ಮೊದಲು ‘ನಮ್ಮ ಆಯಿಯ ಬೀಸುವ ಪದ’ ಎಂದು ಬರೆದು, ಅದನ್ನು ಹೊಡೆದುಹಾಕಿ, ಕೆಳಗೆ ‘ಭಾವಗೀತೆ’ ಎಂದು ಬರೆದಿದ್ದಳು. ಹೊಡೆದುಹಾಕಿದ್ದೇಕೆಂದು ಕರೆದು ಕೇಳಿದೆವು. ಅವಳು ತಲೆ ತಗ್ಗಿಸಿ ಹೇಳಿದಳು: “ಅದು ಸಂಗೀತ ಅಲ್ಲಂತ ಹೋದ ವರ್ಷ ನೀವೇ ಹೇಳಿದ್ರಲ್ರಿ ಗುರೂಜಿ.”

ನಮಗೆ ನೆನಪಾಯಿತು. ಹಿಂದಿನ ವರ್ಷದ ಸ್ನೇಹಸಮ್ಮೇಳನಕ್ಕೆ ಹಾಡುಗಳನ್ನು ಆಯುವಾಗ ‘ಸಂಗೀತವೆನಿಸುವಂಥದನ್ನು ಹಾಡಿರಿ, ಮನೆಯಲ್ಲಿ ಗುನುಗುವುದನ್ನಲ್ಲ’ ಎಂದು ಅಪ್ಪಣೆ ಮಾಡಿದವರು ನಾವೇ. ಮೂವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಗೆರೆ ಎಳೆದ ಕೈ ನಮ್ಮದು. ಆ ದಿನ ಸರಿಯಾದ ಉತ್ತರದ ಮೇಲೆ ಗೆರೆ ಬಿದ್ದಿತ್ತು. ಅದನ್ನು ಎಳೆಸಿದವರು ನಾವು.

ಈ ಅಭಿರುಚಿ ನಮಗೆ ಎಲ್ಲಿಂದ ಬಂದಿತೆಂಬುದನ್ನೂ ಮುಚ್ಚಿಡಲಾರೆವು. ಶಿಕ್ಷಕರ ತರಬೇತಿಯ ದಿನಗಳಲ್ಲಿ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನಸೂರರ ವಚನಗಾಯನವನ್ನೂ ಭೀಮಸೇನ ಜೋಶಿಯವರ ಅಭಂಗ ಮತ್ತು ದಾಸರ ಪದಗಳನ್ನೂ ಕೇಳಿ ಮೈಮರೆತೆವು. ಆ ಆನಂದ ನಿಜವಾದದ್ದು. ಇಂದಿಗೂ ನಮ್ಮ ಮೆಚ್ಚುಗೆ ಅದೇ. ಆದರೆ ಒಂದನ್ನು ಮೆಚ್ಚಿದ ಮಾತ್ರಕ್ಕೆ ಉಳಿದುದನ್ನು ಕೀಳೆಂದೆಣಿಸಿದ್ದು ರುಚಿಯಲ್ಲ, ಹಮ್ಮು. ಆ ಮಹನೀಯರಲ್ಲಿ ಈ ಹಮ್ಮು ಇರಲಿಲ್ಲ. ಮನಸೂರರು ಎಳೆತನದಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಕ್ಷಯರೋಗದಿಂದ ವರ್ಷಗಟ್ಟಲೆ ಹಾಡಲಾಗದೆ ದೇವಾಸದಲ್ಲಿ ಮಲಗಿದ್ದಾಗ ಮಾಳವದ ಹಳ್ಳಿಗರ ಹಾಡುಗಳಿಗೆ ಕಿವಿಗೊಟ್ಟರು. ಮುಂದೆ ಆ ಧಾಟಿಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಮಿರಜೆಯ ತಂಬೂರಿಗೂ ಬುರುಡೆ ಬರುವುದು ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಸುತ್ತಿನ ಹೊಲಗಳಿಂದ. ಸಭೆಯಲ್ಲಿ ನುಡಿಯುವ ನಾದವೂ ಮೊದಲು ಹೊಲದಲ್ಲಿ ಬೆಳೆಯಬೇಕು.

ಇನ್ನು ಬೀಸುವ ಪದವೋ, ಅದರ ಮನೆತನ ಬಲು ಹಿರಿದು. ಅದರ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸಾವಿರದ ಮುನ್ನೂರು ವರ್ಷಗಳ ಹಿಂದೆ ಕಾಣಿಸಿದ, ಸರ್ವಜ್ಞನ ಬಾಯಲ್ಲಿ ನಲಿದ ಆ ಮೂರು ಸಾಲಿನ ಪದ್ಯವೇ ಬೀಸುವ ಕಲ್ಲಿನ ಮುಂದೆಯೂ ಬಾಳಿತು. ಭೀಮೆಯ ಆಚೆಗಿರುವ ಹಲಸಂಗಿಯ ಮಧುರಚೆನ್ನರೂ ಅವರ ಗೆಳೆಯರೂ ಇಂಥ ಪದಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತರದಿದ್ದರೆ, ಕನ್ನಡಿಗರು ತಮ್ಮ ಮನೆಯ ಸಿರಿಯನ್ನು ತಾವೇ ಅರಿಯುತ್ತಿರಲಿಲ್ಲ.

ಮುಂದಿನ ಭಾನುವಾರ ನಾವು ಆ ಬಾಲಿಕೆಯ ಮನೆಗೆ ಹೋದೆವು. ಮುದುಕಿಗೆ ಎಪ್ಪತ್ತೆಂಟು ದಾಟಿದೆ. ಹಾಡಬೇಕೆಂದು ಬೇಡಿದರೆ, “ಕಲ್ಲ ಇಲ್ಲದ ಪದ ಹ್ಯಾಂಗ ಬರತಾವ್ರಿ ಗುರೂಜಿ?” ಎಂದು ನಕ್ಕಳು. ಊರಿಗೆ ಹಿಟ್ಟಿನ ಗಿರಣಿ ಬಂದಂದಿನಿಂದ ಕಲ್ಲು ಹಿತ್ತಿಲು ಸೇರಿತ್ತು. ಮೊಮ್ಮಗಳೂ ಮಗನೂ ಅದನ್ನು ಹೊತ್ತು ತಂದರು. ಬರಿಯ ಕಲ್ಲು ತಿರುಗಿಸಬಾರದೆಂದು ಮುದುಕಿ ಒಂದು ಹಿಡಿ ಜೋಳ ಹಾಕಿದಳು. ಕಲ್ಲು ತಿರುಗಿತು, ಪದ ಬಂದಿತು. ಹದಿನೈದಕ್ಕೂ ಹೆಚ್ಚು ತ್ರಿಪದಿಗಳನ್ನು ನಾವು ಬರೆದುಕೊಂಡೆವು. ಮೊಬೈಲಿನಲ್ಲಿ ಧ್ವನಿ ಹಿಡಿದವಳು ಆ ಬಾಲಿಕೆ. ಆದರೆ ಕೆಲವು ಪದಗಳು ನಡುವೆಯೇ ನಿಂತುಹೋದವು. “ನಾನು ಎತ್ತಿಕೊಡಾಕಿ, ನನ್ನ ನೆಗೆಣ್ಣಿ ಮುಗಸಾಕಿ. ಆಕಿ ಹೋದ ಸಂಕ್ರಮಣಕ್ಕ ತೀರಿಕೊಂಡಳು. ಅರ್ಧ ಪದ ಆಕಿ ಸಂಗಾಟ ಹ್ವಾದವು” ಎಂದಳು.

ಹೋದ ಸಂಕ್ರಮಣದಲ್ಲಿ ನಾವು ಇದೇ ಊರಿನಲ್ಲಿದ್ದೆವು. ಆ ಓಣಿಯಲ್ಲಿ ದಿನಕ್ಕೆರಡು ಬಾರಿ ನಡೆದಾಡುತ್ತಿದ್ದೆವು. ಒಮ್ಮೆಯಾದರೂ ಕೇಳಲಿಲ್ಲ.

ಮರುದಿನ ವರ್ಗದಲ್ಲಿ ಎಲ್ಲ ಮಕ್ಕಳ ಎದುರಿಗೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಬಳಿಕ ಈ ಬೇಸಿಗೆಯ ಯೋಜನೆಯನ್ನು ಮಕ್ಕಳೊಡನೆ ಕುಳಿತು ಗೊತ್ತುಪಡಿಸಿದೆವು. ಪ್ರತಿಯೊಬ್ಬರೂ ಮನೆಯ ಇಲ್ಲವೆ ನೆರೆಮನೆಯ ಒಬ್ಬ ಹಿರಿಯರಿಂದ ಐದು ಹಾಡುಗಳನ್ನು ಬರೆದು ತರಬೇಕು. ಬೀಸುವುದೋ ಕುಟ್ಟುವುದೋ, ಜೋಗುಳವೋ ಸೋಬಾನವೋ, ಯಾವುದಾದರೂ ಸರಿ. ಹಾಡಿದವರು ಯಾರು, ಅವರು ಯಾರಿಂದ ಕಲಿತರು, ಯಾವ ಕೆಲಸದ ವೇಳೆ ಹಾಡುತ್ತಿದ್ದರು ಎಂಬುದನ್ನೂ ಗುರುತಿಸಬೇಕು. ಮಾತುಗಳನ್ನು ತಿದ್ದಬಾರದು; ಹಾಡಿದ ಹಾಗೆಯೇ ಬರೆಯಬೇಕು. ಧಾಟಿಯನ್ನು ಮೊಬೈಲಿನಲ್ಲಿ ಹಿಡಿಯಬೇಕು.

ಚಿತ್ರಗೀತೆಯನ್ನು ಬಿಡಿರೆಂದು ನಾವು ಯಾರಿಗೂ ಹೇಳಿಲ್ಲ. ಮೆಚ್ಚಿದ್ದನ್ನು ಕೇಳಲಿ, ಅಭಂಗವನ್ನೂ ಹಲಗೆಯನ್ನೂ ಕೇಳಲಿ. ರುಚಿ ಅವರವರದು. ಆದರೆ ಕೇಳದೆಯೇ ಯಾವುದನ್ನೂ ಬೇಡವೆನ್ನಬಾರದು. ಚಿತ್ರಗೀತೆ ನಾಳೆಯೂ ಸಿಕ್ಕೀತು. ಮನೆಯ ಮೂಲೆಯಲ್ಲಿ ಕುಳಿತ ಹಿರಿಯ ಜೀವ ಮುಂದಿನ ಬೇಸಿಗೆಗೆ ಇದ್ದೀತೆಂದು ಹೇಳಬಲ್ಲವರಾರು?

ಈ ಪುಟವನ್ನೋದುವ ತಾಯಿ ತಂದೆಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮಕ್ಕಳು ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಗೆ ಹೋಗುತ್ತಿರಬಹುದು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಈ ರಜೆಯಲ್ಲಿ ಅವರ ಕೈಗೆ ಒಂದು ವಹಿ ಕೊಟ್ಟು ಅಜ್ಜಿಯ ಬಳಿ ಕೂರಿಸಿರಿ. ಗಡಿಯ ಈಚೆ ಬಾಳುವ ನಮಗೆ ಕನ್ನಡವು ಪಠ್ಯಪುಸ್ತಕಕ್ಕಿಂತ ಮೊದಲು ಬಂದದ್ದು ಆ ಕಂಠದಿಂದಲೇ. ಜೂನಿನಲ್ಲಿ ಶಾಲೆ ತೆರೆದ ಬಳಿಕ ಮಕ್ಕಳ ವಹಿಗಳಲ್ಲಿ ಏನೇನು ಸಿಕ್ಕಿತೆಂಬುದನ್ನು ಇದೇ ಪುಟದಲ್ಲಿ ಅರಿಕೆ ಮಾಡುವೆವು.