ಅರ್ಜಿಯ ಹಾದಿ ಹಗುರವಾಗಲಿ

ಕಳೆದ ವರ್ಷ ಬಂಧುಗಳ ಮನೆಯ ಮದುವೆಗೆಂದು ಬನಹಟ್ಟಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ನೆರೆಮನೆಯ ವೃದ್ಧ ನೇಕಾರರೊಬ್ಬರ ಜೊತೆ ಕಂಪ್ಯೂಟರ್ ಅಂಗಡಿಗೆ ಹೋಗಬೇಕಾಯಿತು. ಸರ್ಕಾರದ ನೆರವೊಂದಕ್ಕೆ ಅವರು ಹಾಕಿದ್ದ ಅರ್ಜಿ ಮೂರನೆಯ ಬಾರಿ ಹಿಂತಿರುಗಿತ್ತು. ಅರ್ಹತೆಯಲ್ಲಿ ಕೊರತೆಯಿರಲಿಲ್ಲ. ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪುಸ್ತಕ, ಮಗ್ಗದ ಮುಂದೆ ಕುಳಿತ ಭಾವಚಿತ್ರ ಎಲ್ಲವನ್ನೂ ಲಗತ್ತಿಸಿದರೆ ಕಡತದ ಗಾತ್ರ ಮಿತಿ ಮೀರುತ್ತಿತ್ತು. ಕುಗ್ಗಿಸಿದರೆ ಅಕ್ಷರ ಕಾಣುವುದಿಲ್ಲವೆಂಬ ಷರಾ ಬರುತ್ತಿತ್ತು. ಪ್ರತಿ ಸಲವೂ ಒಂದು ದಿನದ ನೇಯ್ಗೆ ನಷ್ಟ, ಮೇಲೆ ಅಂಗಡಿಯ ಶುಲ್ಕ. ವಿಪರ್ಯಾಸವೆಂದರೆ, ಆ ಪತ್ರಗಳಲ್ಲಿ ಹೆಚ್ಚಿನವು ಸರ್ಕಾರವೇ ಅವರಿಗೆ ಕೊಟ್ಟಿದ್ದವು.

ಇದನ್ನು ತಾಂತ್ರಿಕ ತೊಡಕೆಂದು ತಳ್ಳಿಹಾಕುವಂತಿಲ್ಲ. ಇದು ಕಾರ್ಯವಿಧಾನವನ್ನು ರೂಪಿಸಿದವರ ಅಜಾಗರೂಕತೆಯ ಫಲ.

ಎರಡೂವರೆ ದಶಕಗಳ ಹಿಂದೆ 'ಭೂಮಿ' ಯೋಜನೆಯಡಿ ಪಹಣಿಗಳನ್ನು ಗಣಕೀಕರಿಸಿದಾಗ ಅದಕ್ಕಾಗಿಯೇ ಪ್ರತ್ಯೇಕ ತಂತ್ರಾಂಶ ಬರೆಯಬೇಕಾಗಿತ್ತು. ಈಗ ಕಾಲ ಬದಲಾಗಿದೆ. 'ಲೋ-ಕೋಡ್' ಎಂಬ ವಿಧಾನದಲ್ಲಿ ಪ್ರೋಗ್ರಾಂ ಬರೆಯಲು ಬಾರದವರೂ ಪರದೆಯ ಮೇಲೆ ಹಂತಗಳನ್ನು ಜೋಡಿಸಿ ಅರ್ಜಿಯ ಹಾದಿಯನ್ನು ರೂಪಿಸಬಹುದು. ನಮ್ಮ ಸೇವಾಸಿಂಧು ನಿಂತಿರುವುದೂ ಎನ್‌ಐಸಿಯ 'ಸರ್ವೀಸ್‌ಪ್ಲಸ್' ಎಂಬ ಇಂಥದೇ ಚೌಕಟ್ಟಿನ ಮೇಲೆ. ಇದು ಸ್ವಾಗತಾರ್ಹ ಬೆಳವಣಿಗೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಬೆಲೆ ತೆರಬೇಕಿಲ್ಲದ ವಸ್ತು ಪೋಲಾಗುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ನಮೂನೆಗೆ ಇನ್ನೊಂದು ದಾಖಲೆ ಸೇರಿಸಲು ರೂಪಿಸುವವನಿಗೆ ತಗಲುವ ವೆಚ್ಚ ಬೆರಳಿನ ಒಂದು ಒತ್ತು ಮಾತ್ರ. ನಿಜವಾದ ವೆಚ್ಚ ಬೀಳುವುದು ಅರ್ಜಿದಾರನ ಮೇಲೆ ಮತ್ತು ಯಂತ್ರದ ಸ್ಮೃತಿಯ ಮೇಲೆ.

ಈ ಸ್ಮೃತಿಯನ್ನು ಕಚೇರಿಯ ಮೇಜಿಗೆ ಹೋಲಿಸಬಹುದು. ಕಡತಗಳನ್ನು ಕಾಯ್ದಿಡುವ ದಾಖಲೆ ಕೊಠಡಿ ವಿಶಾಲ, ಅಗ್ಗ. ಎದುರಿಗೆ ಹರಡಿಕೊಂಡು ಕೆಲಸ ಮಾಡುವ ಮೇಜು ಚಿಕ್ಕದು, ದುಬಾರಿ. ನಾನು ಸೇವೆಗೆ ಸೇರಿದ ಹೊಸದರಲ್ಲಿ ಗುಮಾಸ್ತರೊಬ್ಬರು ಇಡೀ ಕಪಾಟನ್ನೇ ಮೇಜಿಗೆ ಇಳಿಸಿಕೊಳ್ಳುತ್ತಿದ್ದರು. ಸಂಜೆಯಾದರೂ ಒಂದು ಟಿಪ್ಪಣಿ ಮುಗಿಯುತ್ತಿರಲಿಲ್ಲ. ಹತ್ತು ಸಾವಿರ ಅರ್ಜಿಗಳನ್ನು ಲಗತ್ತುಗಳ ಸಮೇತ ಒಮ್ಮೆಗೇ ಸ್ಮೃತಿಗೆ ಎಳೆದುಕೊಳ್ಳುವ, ಪ್ರತಿ ಹಂತದಲ್ಲೂ ಅವುಗಳ ನಕಲು ಮಾಡುವ, ಕೆಲಸ ಮುಗಿದರೂ ಬಿಟ್ಟುಕೊಡದ ವ್ಯವಸ್ಥೆ ಮಾಡುವುದೂ ಅದನ್ನೇ. ಆಗ ನಾವು 'ಸರ್ವರ್ ಡೌನ್' ಎನ್ನುತ್ತೇವೆ.

ಪರಿಹಾರ ಬನಹಟ್ಟಿಯ ಮಗ್ಗದಲ್ಲೇ ಇದೆ. ಸೀರೆ ಎಷ್ಟೇ ಉದ್ದವಿರಲಿ, ನೇಕಾರನ ಎದುರಿಗಿರುವುದು ಗೇಣುದ್ದದ ಬಟ್ಟೆ ಮಾತ್ರ. ಹಾಸು ಒಂದು ಉರುಳೆಯಿಂದ ಬೇಕಾದಷ್ಟೇ ಬಿಚ್ಚುತ್ತದೆ, ನೇಯ್ದದ್ದು ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಮುಧೋಳ, ಜಮಖಂಡಿಯ ಕಬ್ಬು ಬೆಳೆಗಾರರಿಗೂ ಈ ತತ್ತ್ವ ಗೊತ್ತು: ಸೀಮೆಯ ಕಬ್ಬನ್ನೆಲ್ಲ ಒಂದೇ ದಿನ ಕಡಿದು ಕಾರ್ಖಾನೆಯ ಅಂಗಳಕ್ಕೆ ತಂದರೆ ಅಲ್ಲಿ ಒಣಗುವುದು ರೈತನ ಇಳುವರಿ. ಆದ್ದರಿಂದಲೇ ಸರದಿ, ಆದ್ದರಿಂದಲೇ ಕಟಾವಿನ ಆದೇಶ. ಕಾರ್ಯವಿಧಾನವೂ ಹೀಗೆಯೇ ಇರಬೇಕು. ಬೇಕಾದ ಅರ್ಜಿಗಳನ್ನು ಮೂಲದಲ್ಲೇ ಸೋಸಿ, ನೂರು ನೂರರ ಕಂತಿನಲ್ಲಿ ತಂದು, ಮುಗಿದದ್ದನ್ನು ಕೊಠಡಿಗೆ ಹಿಂತಿರುಗಿಸಬೇಕು.

ಇನ್ನೊಂದು ಸೂತ್ರವೂ ಉಂಟು. ಹಂತದಿಂದ ಹಂತಕ್ಕೆ ಸಾಗಬೇಕಾದದ್ದು ದಾಖಲೆಯಲ್ಲ, ಅದರ ಸಂಖ್ಯೆ. ರಾಜ್ಯದ 'ಫ್ರೂಟ್ಸ್' ವ್ಯವಸ್ಥೆಯಲ್ಲಿ ರೈತನಿಗೆ ಒಂದು ಗುರುತಿನ ಸಂಖ್ಯೆ ಇದೆ. ಅವನ ಜಮೀನಿನ ವಿವರ ಅದಕ್ಕೆ ಜೋಡಣೆಯಾಗಿರುವುದರಿಂದ ಪ್ರತಿ ಯೋಜನೆಗೂ ಪಹಣಿಯ ಪ್ರತಿ ಹೊರಬೇಕಿಲ್ಲ. 2023ರಲ್ಲಿ ಗೃಹಜ್ಯೋತಿ ನೋಂದಣಿಗೆ ಕೇಳಿದ್ದೂ ವಿದ್ಯುತ್ ಖಾತೆ, ಆಧಾರ್ ಮತ್ತು ಮೊಬೈಲ್ ಸಂಖ್ಯೆಗಳನ್ನಷ್ಟೇ. ಮನಸ್ಸು ಮಾಡಿದರೆ ನಮಗೆ ಇದು ಸಾಧ್ಯವಿದೆ.

ಈ ಮಾತಿಗೆ ತುರ್ತು ಇರುವುದು ಬೀಳಗಿಯ ಕಾರಣಕ್ಕೆ. ಆಲಮಟ್ಟಿಯ ಹಿನ್ನೀರಿಗೆ ಈಗಾಗಲೇ ಊರುಗಳನ್ನು ಬಿಟ್ಟುಕೊಟ್ಟ ತಾಲ್ಲೂಕು ಅದು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿ ಸಮ್ಮತಿಸಿತು. ಅದು ಕಾರ್ಯರೂಪಕ್ಕೆ ಬಂದಾಗ ಪ್ರತಿ ತುಂಡು ಭೂಮಿಗೂ ಸರ್ವೆ, ನಕ್ಷೆ, ವಾರಸಾ, ಮೌಲ್ಯಮಾಪನ, ಪರಿಹಾರ, ಪುನರ್ವಸತಿ ಎಂದು ಕಡತ ಬೆಳೆಯುತ್ತದೆ. ಪ್ರತಿ ಮೇಜೂ ಇಡೀ ಕಂತೆಯನ್ನು ಮತ್ತೆ ಕೇಳಿದರೆ, ಮನೆ ಕಳೆದುಕೊಂಡವನು ತಾನು ಮನೆ ಕಳೆದುಕೊಂಡೆನೆಂದು ಹತ್ತು ಬಾರಿ ರುಜುವಾತು ಮಾಡಬೇಕಾದೀತು.

'ಪೂರ್ಣ ಕಡತವಿಲ್ಲದಿದ್ದರೆ ಲೆಕ್ಕಪರಿಶೋಧನೆಯ ಆಕ್ಷೇಪ ಬರುತ್ತದೆ' ಎಂದು ನನ್ನ ಹಳೆಯ ಸಹೋದ್ಯೋಗಿಗಳು ಹೇಳಬಹುದು. ಹೊರುವುದನ್ನು ಕಡಿಮೆ ಮಾಡಿ ಎಂದರೆ ಕಾಪಾಡುವುದನ್ನು ಕಡಿಮೆ ಮಾಡಿ ಎಂದರ್ಥವಲ್ಲ. ಮೂಲ ದಾಖಲೆ, ಯಾರು ಯಾವಾಗ ಏನು ಆದೇಶಿಸಿದರೆಂಬ ವಿವರ ಎಲ್ಲವೂ ಕೊಠಡಿಯಲ್ಲಿ ಭದ್ರವಾಗಿರಲಿ. ಬೇಕಾದಾಗ ತೆರೆದು ನೋಡುವಂತಿರಲಿ. ಒಂದು ಎಚ್ಚರ ಮಾತ್ರ ಅಗತ್ಯ. ಸಂಖ್ಯೆಯ ಹಿಂದಿನ ಮಾಹಿತಿ ತಪ್ಪಾಗಿದ್ದರೆ ಬಡವನಿಗೆ ಎಲ್ಲ ಬಾಗಿಲುಗಳೂ ಏಕಕಾಲಕ್ಕೆ ಮುಚ್ಚುತ್ತವೆ. ಆದ್ದರಿಂದ ತಿದ್ದುಪಡಿಯ ಅಧಿಕಾರ ತಾಲ್ಲೂಕು ಮಟ್ಟದಲ್ಲೇ ಇರಬೇಕು, ಅದಕ್ಕೆ ಕಾಲಮಿತಿಯೂ ಬೇಕು.

ಹೊಸ ನಮೂನೆಯೊಂದಕ್ಕೆ ಒಪ್ಪಿಗೆಯ ಸಹಿ ಹಾಕುವ ಮುನ್ನ ಅಧಿಕಾರಿಗಳು ಪ್ರತಿ ಲಗತ್ತಿನ ಮುಂದೆಯೂ ಎರಡು ಪ್ರಶ್ನೆ ಕೇಳಿಕೊಳ್ಳಲಿ: ಇದು ನಮ್ಮಲ್ಲಿ ಈಗಾಗಲೇ ಇದೆಯೇ? ಈ ಹಂತದಲ್ಲಿ ಇದನ್ನು ಯಾರಾದರೂ ಓದುತ್ತಾರೆಯೇ? ಬಳಿಕ ಬೆಂಗಳೂರಿನ ವೇಗದ ಸಂಪರ್ಕದಲ್ಲಲ್ಲ, ಬೀಳಗಿಯ ಹಳ್ಳಿಯೊಂದರ ಗ್ರಾಮ ಒನ್ ಕೇಂದ್ರದಲ್ಲಿ ಕುಳಿತು ಒಂದು ಅರ್ಜಿ ತುಂಬಿ ನೋಡಲಿ. ಬನಹಟ್ಟಿಯ ಆ ಹಿರಿಯರು ಮಗ್ಗ ಬಿಟ್ಟು ನಾಲ್ಕನೆಯ ಬಾರಿ ಅಂಗಡಿಗೆ ನಡೆಯುವುದು ಆಗಲಾದರೂ ತಪ್ಪೀತು.