ಟ್ರೈಲರಿನ ಸವೆದ ಸ್ಪಿಂಡಲ್: ಬೆಸುಗೆಯೋ, ಬದಲಿಯೋ?



ಅಡಿಕೆ ಕೊಯ್ಲು, ಕಾಫಿ ಕೊಯ್ಲು ಒಂದರ ಬೆನ್ನಿಗೊಂದು ಬರುವ ನಮ್ಮ ಮಲೆನಾಡಿನಲ್ಲಿ ಟಿಲ್ಲರಿನ ಟ್ರೈಲರ್ ಒಂದು ದಿನ ನಿಂತರೂ ಕೆಲಸ ಕೆಡುತ್ತದೆ. ಕೊಯ್ದ ಹಣ್ಣು ಅಂದೇ ಪಲ್ಪರಿಗೆ ಹೋಗಬೇಕು. ಕೊನೆ ಇಳಿಸಿದರೆ ಸುಲಿಯುವವರು ಕಾದು ಕುಳಿತಿರುತ್ತಾರೆ. ಪಿಕಪ್ ವಾಹನಗಳು ಎಷ್ಟೇ ಬಂದಿದ್ದರೂ ತೋಟದೊಳಗಿನ ಕಿರುದಾರಿಗೆ, ಹಳ್ಳದ ದಾಟಿಗೆ ಟಿಲ್ಲರೇ ಗತಿ. ಇಷ್ಟಾದರೂ ನಾವು ಎಂಜಿನ್ನನ್ನೂ ಟೈರನ್ನೂ ನೋಡಿದಷ್ಟು ಕಾಳಜಿಯಿಂದ ಟ್ರೈಲರಿನ ಚಕ್ರದ ಹಬ್ ಬಿಚ್ಚಿ ನೋಡುವುದಿಲ್ಲ.

ಆಕ್ಸಲಿನ ತುದಿಯಲ್ಲಿ ಬೇರಿಂಗ್ ಕೂರುವ ಭಾಗಕ್ಕೆ ವರ್ಕ್‌ಶಾಪಿನವರು ಸ್ಪಿಂಡಲ್ ಎನ್ನುತ್ತಾರೆ. ಇದು ಸವೆದಾಗ ಅದರ ಮೇಲೆ ಬೆಸುಗೆ ತುಂಬಿಸಿ, ಕೈಯಲ್ಲೇ ಉಜ್ಜಿ, ಮತ್ತೆ ಓಡಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಈ ಪದ್ಧತಿಯನ್ನು ಕೈಬಿಡಬೇಕು, ಬದಲಿ ಸ್ಪಿಂಡಲ್ ಸುಲಭವಾಗಿ ಸಿಗುವ ವ್ಯವಸ್ಥೆಯನ್ನು ಸಂಘವೇ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಸವೆತದ ಕಾರಣ ನೋಡೋಣ. ಬೇರಿಂಗಿಗೆ ಒಳಬಳೆ, ಹೊರಬಳೆ ಎಂದು ಎರಡು ಬಳೆಗಳಿವೆ. ಹೊರಬಳೆ ಹಬ್‌ನೊಂದಿಗೆ ತಿರುಗಬೇಕು, ಒಳಬಳೆ ಸ್ಪಿಂಡಲಿನ ಮೇಲೆ ಅಲುಗದೆ ಕುಳಿತಿರಬೇಕು. ಗ್ರೀಸ್ ಒಣಗಿದರೆ ಅಥವಾ ನೀರು ಸೇರಿದರೆ ರೋಲರುಗಳು ಕಚ್ಚಿಕೊಂಡು ಒಳಬಳೆಯನ್ನೂ ಎಳೆದು ತಿರುಗಿಸುತ್ತವೆ. ಬೇರಿಂಗಿನ ಉಕ್ಕು ಬಲು ಗಡಸು, ಸ್ಪಿಂಡಲ್ ಅದಕ್ಕಿಂತ ಮೆದು. ಹೀಗೆ ತಿರುಗಿದ ಬಳೆ ಸ್ಪಿಂಡಲನ್ನೇ ತಿನ್ನತೊಡಗುತ್ತದೆ.

ನೀರು ಸೇರುವ ಬಗೆಯನ್ನೂ ಗಮನಿಸಬೇಕು. ಹೊರೆ ಹೊತ್ತು ಬಂದ ಹಬ್ ಬಿಸಿಯಾಗಿರುತ್ತದೆ. ಅದನ್ನು ಹಾಗೆಯೇ ಹಳ್ಳಕ್ಕೆ ಇಳಿಸಿದಾಗ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಸವೆದ ಆಯಿಲ್ ಸೀಲಿನ ಸಂದಿನಿಂದ ನೀರನ್ನೂ ಕೆಸರನ್ನೂ ಒಳಗೆ ಹೀರುತ್ತದೆ. ಹೊರದೇಶಗಳಲ್ಲಿ ದೋಣಿಗಳನ್ನು ಟ್ರೈಲರಿನ ಮೇಲೆ ತಂದು ಚಕ್ರದ ಸಮೇತ ನೀರಿಗಿಳಿಸುವವರಿಗೂ ಇದೇ ಕಾಟ. ನಮ್ಮಲ್ಲಿ ಹಳ್ಳ ದಾಟಿದ್ದು ಸಾಲದೆಂದು ಸಂಜೆ ಅದೇ ನೀರಿನಲ್ಲಿ ಟ್ರೈಲರ್ ತೊಳೆಯುತ್ತೇವೆ.

ಇನ್ನು ರಿಪೇರಿಯ ವಿಚಾರ. ಸಣ್ಣ ಗೀರುಗಳಿದ್ದರೆ ಎಮರಿ ಕಾಗದದಿಂದ ಉಜ್ಜಿ, ಹೊಸ ಬೇರಿಂಗ್, ಹೊಸ ಸೀಲ್ ಹಾಕಿದರೆ ಸಾಕು. ಬಳೆ ಸಡಿಲವಾಗಿದೆಯೆಂದು ಸ್ಪಿಂಡಲಿನ ಸುತ್ತ ಪಂಚ್ ಗುರುತು ಹೊಡೆಯುವುದು, ತಗಡು ಸುತ್ತುವುದು ಮನೆ ತಲುಪುವವರೆಗಿನ ಉಪಾಯವೇ ಹೊರತು ರಿಪೇರಿಯಲ್ಲ.

ಸ್ಪಿಂಡಲನ್ನು ಲೇತಿನಲ್ಲಿ ಕಡೆದು ಸಣ್ಣದು ಮಾಡಿ ಮೇಲೆ ಬುಷ್ ಕೂರಿಸುವವರೂ ಇದ್ದಾರೆ. ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನವನ್ನು ಅನುಸರಿಸುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. 30 ಮಿಲಿಮೀಟರಿನ ಸ್ಪಿಂಡಲನ್ನು 26ಕ್ಕೆ ಇಳಿಸಿದರೆ ಅದರ ಶಕ್ತಿಯಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಹೋಯಿತು. ಮೇಲೆ ತೊಡಿಸಿದ ಬುಷ್ ಆ ಶಕ್ತಿಯನ್ನು ಪೂರ್ತಿಯಾಗಿ ಮರಳಿ ಕೊಡುವುದಿಲ್ಲ.

ಬೆಸುಗೆಯ ಅಪಾಯ ಇದಕ್ಕಿಂತ ಹೆಚ್ಚಿನದು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಸ್ಪಿಂಡಲಿನ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚಿದ್ದು, ಅದನ್ನು ಮೊದಲೇ ಕಾಯಿಸದೆ ಬೆಸೆದು ಬೇಗ ತಣಿಯಲು ಬಿಟ್ಟರೆ ಬೆಸುಗೆಯ ಪಕ್ಕದ ಉಕ್ಕು ಪೆಡಸಾಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಒಳಗಿನ ಬೇರಿಂಗ್ ಕೂರುವ ಮೆಟ್ಟಿಲಿನ ಬಳಿಯೇ ಹೊರೆಯ ಒತ್ತಡ ಅತಿ ಹೆಚ್ಚು. ಪ್ರತಿ ಗುಂಡಿಯಲ್ಲೂ ಬಿರುಕು ಸ್ವಲ್ಪ ಸ್ವಲ್ಪವೇ ಬೆಳೆಯುತ್ತದೆ, ಒಂದು ದಿನ ಇಳಿಜಾರಿನಲ್ಲಿ ಚಕ್ರ ಕಳಚುತ್ತದೆ. 50 ಕಿಲೋದ 30 ಮೂಟೆ ಎಂದರೆ ಒಂದೂವರೆ ಟನ್. ಅದರ ಮೇಲೆ ನಮ್ಮ ಆಳುಗಳು ಕುಳಿತಿರುತ್ತಾರೆ. ಕೂರಬಾರದು ಎಂದು ನಾವೂ ಹೇಳುತ್ತೇವೆ, ಅವರೂ ಕೇಳುತ್ತಾರೆ, ಸಂಜೆ ಕತ್ತಲಾದಾಗ ಎಲ್ಲರೂ ಹತ್ತುತ್ತಾರೆ. ಉಳಿಸಿದ ಹಣವನ್ನು ಈ ತಕ್ಕಡಿಯಲ್ಲಿಟ್ಟು ತೂಗಬೇಕು.

ಒಳ್ಳೆಯ ವರ್ಕ್‌ಶಾಪಿನಲ್ಲಿ ಬೆಸುಗೆ ಮಾಡಲಾಗದೇ ಎಂದು ಕೇಳಬಹುದು. ಆಗುತ್ತದೆ. ಉಕ್ಕಿನ ಜಾತಿ ತಿಳಿದು, ಕಾಯಿಸಿ, ಒಣಗಿಸಿಟ್ಟ ತಕ್ಕ ಸರಳಿನಿಂದ ಬೆಸೆದು, ನಿಧಾನವಾಗಿ ತಣಿಸಿ, ಲೇತಿನಲ್ಲಿ ಅಳತೆಗೆ ಕಡೆಯಬೇಕು. ಆದರೆ ಇಷ್ಟೆಲ್ಲ ಕ್ರಮವಾಗಿ ಮಾಡಿಸುವವನಿಗೆ ಹೊಸ ಸ್ಪಿಂಡಲ್ ಹಾಕಿಸುವುದು ಅಷ್ಟೇನೂ ದೂರದ ಮಾತಲ್ಲ. ಹಳೆಯ ತುದಿಯನ್ನು ಕತ್ತರಿಸಿ, ಹೊಸತನ್ನು ಆಕ್ಸಲಿನೊಳಗೆ ಸಾಕಷ್ಟು ಉದ್ದ ಸೇರಿಸಿ, ಎರಡು ಚಕ್ರಗಳೂ ಒಂದೇ ನೇರಕ್ಕೆ ಬರುವಂತೆ ನೋಡಿ ಕೂರಿಸುವುದೇ ಸರಿಯಾದ ಮಾರ್ಗ. ಆಕ್ಸಲೇ ಬಾಗಿದ್ದರೆ ಪೂರ್ತಿ ಬದಲಿಸಬೇಕು.

ಆದರೂ ಸದಸ್ಯರು ಬೆಸುಗೆಗೆ ಹೋಗುವುದು ಜಿಪುಣತನದಿಂದಲ್ಲ ಎಂಬುದನ್ನು ಒಪ್ಪಲೇಬೇಕು. ಸುಗ್ಗಿಯ ನಡುವೆ ಸ್ಪಿಂಡಲ್ ಕೆಡುತ್ತದೆ, ಬದಲಿ ಹುಡುಕಲು ಪೇಟೆಗೆ ಹೋದರೆ ಅಳತೆ ಸರಿಹೊಂದುವುದಿಲ್ಲ. ಒಂದೊಂದು ಊರಿನ ವರ್ಕ್‌ಶಾಪಿನಲ್ಲಿ ಒಂದೊಂದು ಅಳತೆಗೆ ಮಾಡಿದ ಟ್ರೈಲರುಗಳು ನಮ್ಮವು. ಈ ಕಷ್ಟ ಒಬ್ಬೊಬ್ಬರಿಂದ ಪರಿಹಾರವಾಗದು, ಸಹಕಾರದಿಂದ ಆಗುತ್ತದೆ. ಗೊಬ್ಬರ, ಮೈಲುತುತ್ತವನ್ನು ಒಟ್ಟಾಗಿ ತರಿಸುವ ನಾವು ನಾಲ್ಕಾರು ಸ್ಪಿಂಡಲುಗಳನ್ನು ದಾಸ್ತಾನಿಡಲಾರೆವೇ?

ನನ್ನ ಸಲಹೆ ಮೂರು. ಮೊದಲನೆಯದು, ಹೆಚ್ಚು ಬಳಕೆಯಲ್ಲಿರುವ ಎರಡು ಮೂರು ಅಳತೆಯ ಸ್ಪಿಂಡಲ್, ಬೇರಿಂಗ್, ಸೀಲುಗಳನ್ನು ಸಂಘದ ಉಗ್ರಾಣದಲ್ಲಿ ಇಡುವುದು. ಎರಡನೆಯದು, ಹೊಸ ಟ್ರೈಲರ್ ಮಾಡಿಸುವವರು ಬಿಲ್ಲಿನಲ್ಲಿ ಬೇರಿಂಗ್ ನಂಬರನ್ನು ಬರೆಸಿಕೊಳ್ಳುವುದು. 30205, 30206 ಎಂಬಂಥ ನಂಬರಿನ ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳಬಳೆಯ ವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ. ಮೊದಲನೆಯದಕ್ಕೆ 25, ಎರಡನೆಯದಕ್ಕೆ 30. ಮೂರನೆಯದು, ಆಯುಧಪೂಜೆಗೆ ಮುನ್ನ ಪ್ರತಿ ಟ್ರೈಲರಿನ ಹಬ್ ಬಿಚ್ಚಿ ನೋಡುವುದು.

ನೋಡುವ ಕ್ರಮ ಸುಲಭ. ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ನಟ್ಟು ಸರಿಮಾಡಿದ ಮೇಲೂ ಆಡುತ್ತಿದ್ದರೆ ಹಬ್ ಬಿಚ್ಚಿ ಡೀಸೆಲಿನಲ್ಲಿ ತೊಳೆಯಿರಿ. ಹೊಸ ಬೇರಿಂಗಿನ ಬಳೆಯನ್ನು ತೊಡಿಸಿದಾಗ ಅದು ಓಲಾಡಿದರೆ ಸ್ಪಿಂಡಲ್ ಸವೆದಿದೆ. ಮೆಟ್ಟಿಲಿನ ಬಳಿ ಡೀಸೆಲ್ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿ. ಸ್ವಲ್ಪ ಹೊತ್ತಿನಲ್ಲಿ ಕಪ್ಪು ಗೆರೆ ಮೂಡಿದರೆ ಅಲ್ಲಿ ಬಿರುಕಿದೆ, ಆ ಸ್ಪಿಂಡಲನ್ನು ಗುಜರಿಗೆ ಹಾಕಿ. ಮತ್ತೆ ಜೋಡಿಸುವಾಗ ಹಳೆಯ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಹಾಕಬೇಡಿ. ಎತ್ತಿನ ಗಾಡಿಗೆ ಕಡೆಗೀಲು ಹೇಗೋ ಇದಕ್ಕೆ ಆ ಪಿನ್ನು ಹಾಗೆ.

ನಮ್ಮ ಹಿರಿಯರು ಗಾಡಿ ಹೂಡುವ ಮುನ್ನ ಕೀಲೆಣ್ಣೆ ಹಾಕದೆ ಹೊರಟವರಲ್ಲ. ಚಕ್ರಕ್ಕೆ ಕುಂಕುಮ ಹಚ್ಚುವ ಪದ್ಧತಿ ನಮಗೆ ಉಳಿದು ಬಂದಿದೆ, ಅದರ ಒಳಗನ್ನು ನೋಡುವ ಪದ್ಧತಿಯೂ ಉಳಿಯಲಿ. ದಾಸ್ತಾನಿನ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಲಿದ್ದೇನೆ. ಸದಸ್ಯರು ತಮ್ಮ ಟ್ರೈಲರಿನ ಬೇರಿಂಗ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ